ಇಲ್ಲದ ಬಸಿರಿಗೆ ಬಯಕೆಯೂಟ

ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದ ಯುದ್ಧದ ಕಾಲ. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಪೂರಿಗಾಲಿಯ ಹತ್ತಿರದ ಗಂಡನ ಮನೆಯಲ್ಲಿ ಒಂದು ಬೆಳಿಗ್ಗೆ ಎದ್ದಾಗ ನನ್ನ ಕಣ್ಣಿನ ರೆಪ್ಪೆ ಊದಿಕೊಂಡಿತ್ತು. ಅದಕ್ಕೆ ಎರಡು ತಿಂಗಳ ಮೊದಲೇ ಮುಟ್ಟು ನಿಂತಿತ್ತು. ಅತ್ತೆ ನನ್ನ ಮುಖ ನೋಡಿದರು, ಪಾದ ನೋಡಿದರು, ಅಷ್ಟೇ. ನಾನು ಬಸುರಿ ಎಂದು ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ನನಗೆ ಗೊತ್ತಾದದ್ದೂ ಬೀದಿಯವರ ಬಾಯಿಂದಲೇ.

ನಮ್ಮ ಕಡೆ ಬಸುರಿ ಕೇಳಿದ್ದನ್ನು ಇಲ್ಲ ಎನ್ನುವುದಿಲ್ಲ. ಕೇಳದಿದ್ದರೂ ಇಕ್ಕುತ್ತಾರೆ. ಅತ್ತೆ ಜೋರು ಹೆಂಗಸು, ಆದರೆ ಇಕ್ಕುವ ಕೈ ದೊಡ್ಡದು. ಬೆಳಿಗ್ಗೆ ಉಪ್ಪಿನಕಾಯಿ, ಮಧ್ಯಾಹ್ನ ಮುದ್ದೆಗೆ ಒಣಮೀನಿನ ಸಾರು, ಸಂಜೆಗೆ ಉಪ್ಪು ಖಾರ ಸವರಿದ ಮಾವಿನಕಾಯಿ. ತಿಂದಷ್ಟೂ ಊದಿದೆ. ಊದಿದಷ್ಟೂ ಅವರಿಗೆ ಖುಷಿ. “ಮೈ ಕೈ ತುಂಬ್ಕೊಂಡವ್ಳೆ ನೋಡ್ರವ್ವಾ ನನ್ ಸೊಸೆ” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ನನಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಬಸುರಿಗೆ ಅದೆಲ್ಲ ಇರುತ್ತದೆ ಅಂದರು.

ಐದನೆಯ ತಿಂಗಳಿಂದ ದಿನಾ ಒಂದೇ ಪ್ರಶ್ನೆ. “ಆಡ್ತದೇನವ್ವಾ ಮಗ?” ಮೊದಲ ದಿನ ಗೊತ್ತಿಲ್ಲ ಅಂದೆ. ಅವರ ಮುಖ ಸಪ್ಪಗಾಯಿತು. ಮರುದಿನದಿಂದ ಆಡ್ತದೆ ಅಂದೆ. ಹೊಟ್ಟೆಯಲ್ಲಿ ಏನೋ ತುಳುಕಿದಂತೆ ಆಗುತ್ತಿದ್ದುದೂ ನಿಜ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೇ ಅನ್ನಿಸಿರಲಿಲ್ಲ.

ಏಳನೆಯ ತಿಂಗಳಲ್ಲಿ ಕೆರಗೋಡಿನ ಹತ್ತಿರದ ನಮ್ಮೂರಿಂದ ಅಪ್ಪ, ಅವ್ವ ಬಯಕೆಯೂಟ ಹೊತ್ತುಕೊಂಡು ಬಂದರು. ಚಕ್ಕುಲಿ, ನಿಪ್ಪಟ್ಟು, ಹುಳಿಯನ್ನ. ಬಳೆಗಾರ ತಂದಿದ್ದ ಬಳೆಗಳಲ್ಲಿ ಒಂದೂ ನನ್ನ ಕೈಗೆ ಹತ್ತಲಿಲ್ಲ. ಎರಡು ಬಳೆ ಒಡೆದವು. ಎಲ್ಲರೂ ನಕ್ಕರು, ಅವ್ವ ನಗಲಿಲ್ಲ. ಒಳಕ್ಕೆ ಕರೆದುಕೊಂಡು ಹೋಗಿ, ನನ್ನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದಳು. ಒತ್ತಿದ ಜಾಗದಲ್ಲಿ ಗುಳಿ ಬಿತ್ತು. ಬಿದ್ದ ಗುಳಿ ಹಾಗೇ ಇತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಕರೆದೊಯ್ಯುತ್ತೇವೆ ಎಂದು ಹೇಳಿ ಹೊರಡಿಸಿದವಳು, ಊರಿನ ದಾರಿ ಬಿಟ್ಟು ನೇರ ಮಂಡ್ಯದ ಆಸ್ಪತ್ರೆಗೆ ಕರೆತಂದಳು.

ಅಲ್ಲಿನ ಲೇಡಿ ಡಾಕ್ಟರು ಹೊಟ್ಟೆಯ ಮೇಲೆ ಕೊಳವೆಯಿಟ್ಟು ಬಹಳ ಹೊತ್ತು ಕಿವಿಗೊಟ್ಟರು. ಆಮೇಲೆ ನನ್ನ ಉಚ್ಚೆಯನ್ನು ಗಾಜಿನ ನಳಿಗೆಯಲ್ಲಿ ಹಿಡಿದು ದೀಪದ ಮೇಲೆ ಕಾಯಿಸಿದರು. ಅದು ಬೇಯಿಸಿದ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಯಿತು. ಮಗುವಿಲ್ಲ ಎಂದರು. ಇರಲೇ ಇಲ್ಲ, ಹೊಟ್ಟೆಯಲ್ಲಿರುವುದು ನೀರು, ಕೆಟ್ಟಿರುವುದು ಮೂತ್ರಪಿಂಡ. ಉಪ್ಪು ಪೂರ್ತಿ ಬಿಟ್ಟರೆ ಬದುಕುತ್ತಾಳೆ, ತಿಂದರೆ ವರ್ಷ ದಾಟುವುದಿಲ್ಲ ಎಂದು ಅಪ್ಪನಿಗೆ ಹೇಳಿದರು. ನಾನು ಅಲ್ಲೇ ಮಲಗಿದ್ದೆ.

ನನಗೆ ಏನೂ ಅನ್ನಿಸಲಿಲ್ಲ. ಮಗು ಹೋಯಿತೆಂದು ಅಳಬೇಕಾದರೆ ಮಗುವಾದರೂ ಇರಬೇಕಿತ್ತು. ಬದುಕುತ್ತೇನೆಂದು ಸಂತೋಷವೂ ಆಗಲಿಲ್ಲ. ಪಕ್ಕದ ಮಂಚದವಳಿಗೆ ಹೆರಿಗೆಯಾಯಿತು, ಕೂಸು ಅರಚಿತು. ಹೊರಗೆ ಗಾಡಿ ಹೋದ ಸದ್ದಿನ ಹಾಗೆ ಅದನ್ನೂ ಕೇಳಿಸಿಕೊಂಡೆ.

ನೀರಿಳಿದ ಮೇಲೆ ಗಂಡನ ಮನೆಗೆ ಮರಳಿದೆ. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನ ತಲೆ ಸವರಿ ಕಣ್ಣೊರೆಸಿಕೊಂಡರು. ಮಗು ಹೊಟ್ಟೆಯಲ್ಲೇ ಹೋಯಿತೆಂದು ಅತ್ತೆ ಊರಿಗೆಲ್ಲ ಹೇಳಿದ್ದರು. ಅಪ್ಪ ಎಲ್ಲವನ್ನೂ ಬಿಡಿಸಿ ಹೇಳಿಹೋಗಿದ್ದರೂ ಹಾಗೆ ಹೇಳಿದ್ದರು. ನಾನು ತಿದ್ದಲಿಲ್ಲ. ಬಂದವರ ದುಃಖಕ್ಕೆ ತಲೆ ಆಡಿಸುವುದೇ ಸುಲಭ ಎಂದು ಕಂಡಿತು.

ಆಮೇಲಿನ ಮೂರು ವರ್ಷ ಹೇಳುವುದಕ್ಕೆ ಹೆಚ್ಚೇನಿಲ್ಲ. ಉಪ್ಪಿಲ್ಲ, ಬೇಳೆ ಅಷ್ಟಕ್ಕಷ್ಟೇ, ಬಾಡು, ಮೀನು ಮುಟ್ಟುವಂತಿಲ್ಲ. ಗಂಜಿ, ಹಾಲು, ಬೆಲ್ಲ, ಬಾಳೆಹಣ್ಣು. ದಿನಕ್ಕೆ ಇಷ್ಟೇ ಚೊಂಬು ನೀರು. ಗದ್ದೆಯ ಕೆಸರಿಗೆ ಇಳಿಯಬಾರದು, ಮಧ್ಯಾಹ್ನ ಮಲಗಲೇಬೇಕು. ಒಕ್ಕಲು ಮನೆಯ ಸೊಸೆ ಮಧ್ಯಾಹ್ನ ಮಲಗುವುದೆಂದರೆ ಊರಿಗೇ ಸುದ್ದಿ. ಮುದ್ದೆಯನ್ನು ನಿಂಬೆರಸ ಹಿಂಡಿದ ಸಪ್ಪೆ ಸೊಪ್ಪಿನ ರಸದಲ್ಲಿ ನುಂಗುವುದು ಮೊದಲು ವಾಕರಿಕೆ, ಆಮೇಲೆ ಅಭ್ಯಾಸ. ರುಚಿ ಹೋದ ಮೇಲೆ ಹಸಿವೂ ಹೋಯಿತು. ಹೊತ್ತಿಗೆ ಸರಿಯಾಗಿ ಕೂತು ತಿನ್ನುತ್ತಿದ್ದೆ, ಎಮ್ಮೆ ಹುಲ್ಲು ಮೇಯುವ ಹಾಗೆ.

ಉಚ್ಚೆ ಕಾಯಿಸಿ ನೋಡುವುದನ್ನು ಆಸ್ಪತ್ರೆಯ ಕಾಂಪೌಂಡರು ನನಗೆ ಕಲಿಸಿಕೊಟ್ಟಿದ್ದರು. ತಿಂಗಳಿಗೊಮ್ಮೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹಳೆಯ ಕಬ್ಬಿಣದ ಸೌಟಿನಲ್ಲಿ ಕಾಯಿಸುತ್ತಿದ್ದೆ. ಗಂಡ ಮೂಗು ಮುಚ್ಚಿಕೊಂಡು ಬೀದಿಗೆ ಹೋಗುತ್ತಿದ್ದರು. ಸೌಟಿನ ಬಿಳುಪು ಮೊದಲ ವರ್ಷ ಮೊಸರಿನಷ್ಟಿತ್ತು. ಎರಡನೆಯ ವರ್ಷ ಮಜ್ಜಿಗೆಯಷ್ಟಾಯಿತು. ನನಗಿಂತ ಮುಂಚೆ ಅತ್ತೆ ಬಗ್ಗಿ ನೋಡಿ ಒಳಗೆ ಹೋಗುತ್ತಿದ್ದರು.

ಜೋರು ಬಾಯಿಯ ಅತ್ತೆ ನನ್ನೊಡನೆ ಮಾತನ್ನೇ ಕಡಿಮೆ ಮಾಡಿದ್ದರು. ಉಪ್ಪಿನ ಮಡಕೆಯನ್ನು ಅಡುಗೆಮನೆಯಿಂದ ಎತ್ತಿ ಕೊಟ್ಟಿಗೆಯಲ್ಲಿಟ್ಟರು. ನನ್ನ ಸಪ್ಪೆ ಅಡುಗೆಯ ಗಡಿಗೆ ಮುಟ್ಟುವ ಮೊದಲು ಕೈ ತೊಳೆಯುತ್ತಿದ್ದರು. ಬಂಜೆ ಸೊಸೆ ಎಂಬ ಅಸಹ್ಯಕ್ಕೇ ಮಾತು ಬಿಟ್ಟಿದ್ದಾರೆ ಅಂದುಕೊಂಡೆ. ಆ ಯೋಚನೆಯೂ ನನ್ನನ್ನು ಚುಚ್ಚಲಿಲ್ಲ.

ಸ್ವಾತಂತ್ರ್ಯ ಬರುವುದಕ್ಕೆ ಹಿಂದಿನ ವರ್ಷ ಮಂಡ್ಯಕ್ಕೆ ಹೋದಾಗ ಅತ್ತೆಯೂ ಬಂದರು. ಲೇಡಿ ಡಾಕ್ಟರು ಕಾಯಿಸಿದ ನಳಿಗೆಯನ್ನು ಕಿಟಕಿಗೆ ಹಿಡಿದರು. ತಿಳಿನೀರು. ಇನ್ನು ದಿನಕ್ಕೆ ಒಂದು ಚಿಟಿಕೆ ಉಪ್ಪು ಹಾಕಿಕೊಳ್ಳಬಹುದು, ಮಿಕ್ಕ ಪಥ್ಯ ಸಾಯುವತನಕ ಇರಲಿ ಎಂದರು. ಅತ್ತೆ ಅವರ ಕಾಲಿಗೆ ಬಿದ್ದರು. ನಾನು ನಿಂತೇ ಇದ್ದೆ.

ಮದ್ದೂರಿನಲ್ಲಿ ಮಳವಳ್ಳಿ ಬಸ್ಸಿಗೆ ಕಾಯುತ್ತಿದ್ದಾಗ ಪೂರಿಗಾಲಿ ಕಡೆಯ ಹೆಂಗಸೊಬ್ಬಳು ಸಿಕ್ಕಳು. ನನ್ನನ್ನು ನೋಡಿ, “ಪಾಪ, ಅವತ್ತು ಓಯ್ತಲ್ಲ ಮಗ, ಗಂಡಾ ಎಣ್ಣಾ?” ಎಂದು ಅತ್ತೆಯನ್ನು ಕೇಳಿದಳು.

“ಗಂಡು” ಅಂದರು ಅತ್ತೆ.

ಆ ಹೆಂಗಸು ಹೋದ ಮೇಲೆ ಕೇಳಿದೆ. “ಯಾವ ಗಂಡು ಅತ್ತೆ? ಮಗಾನೇ ಇರ್ನಿಲ್ವಲ್ಲ.”

“ನಂಗೊತ್ತಿಲ್ವೇನವ್ವಾ?” ಅತ್ತೆ ನನ್ನ ಕಡೆ ತಿರುಗಲಿಲ್ಲ. “ಮಗ ಓಯ್ತು ಅಂದ್ರೆ ದೇವ್ರು ಕಿತ್ಕಂಡ ಅಂತಾರೆ ಜನ. ಇರ್ನಿಲ್ಲ ಅಂದ್ರೆ? ಐದು ತಿಂಗ್ಳು ಉಪ್ಪು ಇಕ್ಕಿ ಇಕ್ಕಿ ಸೊಸೇನ ಸಾಯಿಸಕ್ಕೋಗಿದ್ದೆ ಅನ್ಲಾ? ಈ ಕೈಯ್ಯಾರೆ ಇಕ್ಕಿದ್ದು ಕಣವ್ವ. ನಿನ್ ಗಡ್ಗೆ ಮುಟ್ಟುವಾಗ್ಲೆಲ್ಲ ಈ ಕೈಲಿ ಇನ್ನೂ ಉಪ್ಪೈತೇನೋ ಅಂತ ದಿಗಿಲು. ನೀನೋ, ಒಂದ್ ಮಾತು ಅನ್ನಿಲ್ಲ. ಬೈದಿದ್ರೆ ಆವತ್ತೇ ಅಗುರಾಗ್ತಿದ್ದೆ.”

ಮೂರು ವರ್ಷದಿಂದ ಬಾರದಿದ್ದ ಸಿಟ್ಟು ಆಗ ಬಂತು. ಅಳುವೂ ಜೊತೆಗೇ ಬಂತು. ಅಷ್ಟು ಜನರ ನಡುವೆ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಯಾರನ್ನೂ ಕೇಳದೆ ಬಸುರಿ ಮಾಡಿದ್ದಕ್ಕೆ ಬೈದೆ, ಸತ್ತ ಮಗುವಿನ ತಾಯಿ ಮಾಡಿದ್ದಕ್ಕೆ ಬೈದೆ. ಮಾತು ಮುಗಿದು ಉಸಿರು ಕಟ್ಟಿದಾಗ ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿದರು.

“ಬೈಯವ್ವ, ಇನ್ನಷ್ಟು ಬೈಯಿ” ಅಂದರು.