ಬದುಕಿರುವವಳಿಗೆ ಎಡೆ

ನಾನು ಚೊಂಬು, ತಟ್ಟೆ, ಈರುಳ್ಳಿ, ಮಡಿಸಿಟ್ಟ ಟವಲ್ಲು ಇಂಥವನ್ನು ಬರೆದು ಬದುಕುವವಳು. ಮೇಜಿನ ಮೇಲೆ ನಾಲ್ಕು ಸಾಮಾನು ಜೋಡಿಸಿ, ಅವು ಕಣ್ಣಿಗೆ ಹೇಗೆ ಕಾಣುತ್ತವೋ ಹಾಗೇ ಎಣ್ಣೆಬಣ್ಣದಲ್ಲಿ ಇಳಿಸುವುದು ನನ್ನ ಕೆಲಸ. ವಸ್ತುಚಿತ್ರ ಅಂತ ಅದಕ್ಕೆ ಹೆಸರು. ಮಂಡ್ಯದ ನಮ್ಮ ಬೀದಿಯಲ್ಲಿ ಅದಕ್ಕೆ ಯಾವ ಹೆಸರೂ ಇಲ್ಲ. 'ಇದ್ಕೆ ತಿಂಗಳುಗಟ್ಲೆ ಯಾಕಮ್ಮ, ಫೋನಲ್ಲಿ ಒಂದು ಫೋಟೊ ತೆಗೆದ್ರೆ ಆಗಾಕಿಲ್ವಾ?' ಎಂದು ಎದುರುಮನೆಯಾಕೆ ಕೇಳಿದ ದಿನ ನಾನು ಅವಳ ಜೊತೆ ಜಗಳಕ್ಕೇ ಇಳಿದಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹೆದರಿಕೆ ಮಾತ್ರ ನನ್ನ ಹತ್ತಿರ ಸುಳಿಯುವುದಿಲ್ಲ ಅಂದುಕೊಂಡಿದ್ದೆ.

ನನ್ನ ಜೊತೆಗೇ ಇರುವ ಅವ್ವನನ್ನು ಎದುರಿಗೆ ಕೂರಿಸಿಕೊಂಡು ಬರೆಯಬೇಕೆಂಬ ಆಸೆ ನನಗೆ ಬಹಳ ವರ್ಷಗಳದ್ದು. ಅವಳು ಒಪ್ಪಲೇ ಇಲ್ಲ. 'ಬದುಕಿರೋರ ಪಟ ಬರೀಬಾರ್ದು ಕಣೆ, ಆಯಸ್ಸು ಕಮ್ಮಿಯಾಯ್ತದೆ' ಅನ್ನುತ್ತಿದ್ದಳು. ಫೋಟೊಗೆ ನಿಲ್ಲುತ್ತೀಯಲ್ಲ ಅಂದರೆ, ಅದು ಮಿಷನ್ನು, ಇದು ಕೈ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಕೊನೆಗೆ ನಾನೊಂದು ಉಪಾಯ ಮಾಡಿದೆ. ಅವಳು ಬೇಡ, ಅವಳ ಸಾಮಾನು ಸಾಕು. ಅವಳು ಮೆಚ್ಚಿದ ವಸ್ತುಗಳನ್ನು ಜೋಡಿಸಿ ಬರೆದರೆ ಅದೇ ಅವ್ವನ ಚಿತ್ರ.

ಹಿಂದಿನ ಕೋಣೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದೆ. ಮಡಿಸಿದ ಹಸಿರು ರೇಷ್ಮೆ ಸೀರೆ, ಅದರ ಮೇಲೆ ಅವಳ ಹಳೇ ಕನ್ನಡಕ, ಪಕ್ಕದಲ್ಲಿ ಹಿತ್ತಾಳೆ ಚೊಂಬು, ವೀಳ್ಯದೆಲೆ ಅಡಿಕೆ, ಬಾಳೆಲೆಯ ತುಂಡಿನಲ್ಲಿ ಒಂದಷ್ಟು ಕಜ್ಜಾಯ. ಕಿಟಕಿಯಿಂದ ಒಂದೇ ಕಡೆಯ ಬೆಳಕು. ಒಂದು ಸಲ ಜೋಡಿಸಿದ ಮೇಲೆ ನಾನು ಯಾವುದನ್ನೂ ಅಲುಗಿಸುವುದಿಲ್ಲ. ಪ್ರತಿಯೊಂದರ ಬುಡಕ್ಕೂ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಧೂಳು ಬರದಂತೆ ಬಾಗಿಲು ಹಾಕಿಕೊಳ್ಳುತ್ತೇನೆ. ನಾನು ಬಿಟ್ಟು ಬೇರೆಯವರು ಆ ಕೋಣೆಗೆ ಕಾಲಿಡುವಂತಿಲ್ಲ.

ಕ್ಯಾನ್ವಾಸಿನ ಮೇಲೆ ಗೆರೆ ಎಳೆದು ಮುಗಿಸಿದ ಮರುದಿನ ಬೆಳಿಗ್ಗೆ ಅವ್ವ ಬಚ್ಚಲಿಂದ ಬಂದವಳು ಗೋಡೆ ಹಿಡಿದು ನಿಂತಳು. ಉಸಿರು ಎಳೆದರೂ ಒಳಗೆ ಹೋಗುತ್ತಿರಲಿಲ್ಲ. ಇಲ್ಲಿನ ಡಾಕ್ಟರು ನೋಡಿ ಮೈಸೂರಿಗೆ ಕಳಿಸಿದರು. ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ಸ್ಟೆಂಟ್ ಹಾಕಬೇಕು, ಅದಕ್ಕೆ ಮೊದಲು ಶ್ವಾಸಕೋಶದ ನೀರು ಇಳಿಯಬೇಕು ಎಂದರು. ಆಸ್ಪತ್ರೆಯಲ್ಲಿ ನನ್ನ ತಮ್ಮ ಉಳಿದ. ನಾನು ರೈಲಿನಲ್ಲಿ ಹೋಗಿ ಬಂದು ಮಾಡುತ್ತಿದ್ದೆ.

ಮನೆ ನೋಡಿಕೊಳ್ಳಲು ಭಾರತೀನಗರದಿಂದ ಚಿಕ್ಕವ್ವ ಬಂದಳು, ಅವ್ವನ ತಂಗಿ. ಒಂದು ಮಧ್ಯಾಹ್ನ ಕಸ ಗುಡಿಸುತ್ತಾ ಅವಳು ನನ್ನ ಕೋಣೆಯ ಬಾಗಿಲು ತೆಗೆದಿದ್ದಾಳೆ. ನಾನು ಮೈಸೂರಿನಿಂದ ಬಂದಾಗ ಪೊರಕೆ ಹಿಡಿದು ಹೊಸ್ತಿಲ ಆಚೆಗೇ ನಿಂತಿದ್ದಳು.

'ಯಾರ್ಗೆ ಮಗ ಎಡೆ ಮಡಗಿರೋದು?'

'ಎಡೆ ಅಲ್ಲ ಚಿಕ್ಕವ್ವ. ಚಿತ್ರಕ್ಕೆ ಜೋಡಿಸಿರೋದು.'

'ಅಕ್ಕನ ಸೀರೆ. ಅಕ್ಕನ ಕನ್ನಡಕ. ಬಾಳೆಲೆ ಮೇಲೆ ಕಜ್ಜಾಯ. ಬಾಗ್ಲು ಬೇರೆ ಮುಚ್ಚಿದ್ದೀಯ. ಎಡೆ ಅಲ್ದೆ ಇನ್ನೇನೆ ಇದು?'

ನಮ್ಮ ಕಡೆ ಪಿತೃಪಕ್ಷದಲ್ಲಿ ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತೇವೆ. ಹೊಸ ಬಟ್ಟೆ, ಚೊಂಬಿನಲ್ಲಿ ನೀರು, ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದೆಲ್ಲ. ಅಪ್ಪನಿಗೆ ಬೀಡಿಕಟ್ಟನ್ನೂ ಇಡುತ್ತೇವೆ. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತೇವೆ. ಅವರು ಬಂದು ಉಣ್ಣುವಾಗ ಯಾರೂ ನೋಡಬಾರದು. ಚಿಕ್ಕಂದಿನಲ್ಲಿ ಬಾಗಿಲು ಮುಚ್ಚುವ ಮೊದಲು ಒಂದು ಕ್ಷಣ ಕಾಣುತ್ತಿದ್ದ ಆ ಬಿಳಿ ಬಟ್ಟೆ, ಆ ಹಿತ್ತಾಳೆ, ಪಕ್ಕದಿಂದ ಬೀಳುವ ದೀಪದ ಬೆಳಕು ನನಗೆ ಎಷ್ಟು ಚೆಂದ ಅನ್ನಿಸುತ್ತಿತ್ತೆಂದರೆ, ಹೊರಗೆ ಕೂತು ಅದನ್ನೇ ನೆನೆಯುತ್ತಿದ್ದೆ. ಇಷ್ಟು ವರ್ಷ ನಾನು ಬರೆದ ಚಿತ್ರಗಳೆಲ್ಲ ಅದೇ ಎಂದು ಚಿಕ್ಕವ್ವ ಬಾಯಿ ಬಿಟ್ಟಾಗಲೇ ನನಗೆ ಹೊಳೆದದ್ದು.

'ಈಗಲೇ ತೆಗೆದುಬಿಡ್ತೀನಿ' ಎಂದು ಮುಂದೆ ಹೋದೆ.

ಚಿಕ್ಕವ್ವ ತೋಳು ಹಿಡಿದಳು. 'ಮುಟ್ಟಬ್ಯಾಡ. ಎಡೆ ಯಾವಾಗ ಎತ್ತೋದು? ಬಂದೋರು ಉಂಡು ಓದ್ಮೇಲೆ ಅಲ್ವಾ? ಈಗ ನೀನು ಎತ್ತಿದ್ರೆ ಅಕ್ಕ ಉಂಡು ಒಂಟೋದ್ಲು ಅಂತ ಆಗಾಕಿಲ್ವಾ?'

'ಹಂಗಾದ್ರೆ ಏನು ಮಾಡ್ಲಿ? ಹಿಂಗೇ ಬಿಡ್ಲಾ?'

'ಬುಟ್ರೆ ಕರೀತಾನೇ ಇರ್ತದೆ' ಎಂದು ಅವಳು ಅಳತೊಡಗಿದಳು.

ನಾನು ಓದಿದವಳು. ಇಂಥದ್ದಕ್ಕೆಲ್ಲ ನಕ್ಕವಳು, ಅವ್ವನನ್ನು ರೇಗಿಸಿದವಳು. ಅದೇ ನಾನು ಬಾಗಿಲು ಮುಚ್ಚಲಾರದೆ, ತೆರೆದಿಡಲಾರದೆ, ಕೊನೆಗೆ ಅರ್ಧ ತೆರೆದು, ಗಾಳಿಗೆ ಬಡಿಯದಂತೆ ಸಂದಿಗೆ ಚಪ್ಪಲಿ ಸಿಕ್ಕಿಸಿದೆ. ಚಿತ್ರ ಮುಂದುವರಿಸುವ ಮಾತು ದೂರ ಉಳಿಯಿತು. ವೀಳ್ಯದೆಲೆ ಕಪ್ಪಾಗಿ ಸುರುಟಿಕೊಂಡಿತು. ಬೇರೆ ಕೆಲಸವಾಗಿದ್ದರೆ ಹೊಸ ಎಲೆ ತಂದು ಅದೇ ಜಾಗದಲ್ಲಿ ಇಡುತ್ತಿದ್ದೆ. ಈಗ ಹೊಸದನ್ನು ಇಡುವುದೆಂದರೆ ಇನ್ನೊಂದು ಸಲ ಕರೆದಂತೆ ಅನ್ನಿಸಿ ಕೈ ಬರಲಿಲ್ಲ. ಅಡುಗೆಮನೆಗೆ ಹೋಗುವಾಗೆಲ್ಲ ಆ ಕಡೆ ನೋಡಬಾರದು ಅಂದುಕೊಳ್ಳುತ್ತಿದ್ದೆ, ನೋಡಿಯೇ ಬಿಡುತ್ತಿದ್ದೆ. ಕನ್ನಡಕ ನನ್ನ ಕಡೆಗೇ ಮುಖ ಮಾಡಿತ್ತು. ಹಾಗೆ ಇಟ್ಟವಳೂ ನಾನೇ.

ಸ್ಟೆಂಟ್ ಹಾಕುವ ದಿನ ಹೊರಡುವ ಮೊದಲು ಕೋಣೆಗೆ ಇಣುಕಿದೆ. ಒಂದು ಕಜ್ಜಾಯದ ಅಂಚು ಹೋಗಿತ್ತು. ಬಾಯಿ ಹಾಕಿ ಕಚ್ಚಿದ ಹಾಗೆ ದುಂಡಗೆ. ಇಲಿ ಎಂದು ನನಗೆ ಗೊತ್ತಿತ್ತು. ಮೇಜಿನ ಮೇಲೆ ಹಿಕ್ಕೆಯೂ ಬಿದ್ದಿತ್ತು. ಆದರೂ ಹೊಸ್ತಿಲು ದಾಟಲಾರದೆ ಅಲ್ಲೇ ನಿಂತೆ. ಅಷ್ಟರಲ್ಲಿ ತಮ್ಮನ ಫೋನು.

'ಅಕ್ಕ, ಅವ್ವನ್ನ ಈಗ್ಲೇ ಒಳೀಕೆ ಕರ್ಕಂಡೋದ್ರು. ಬೇಗ ಬಾ.'

'ಬೆಳಿಗ್ಗೆಯಿಂದ ಏನಾದ್ರೂ ತಿಂದ್ಲಾ?' ಎಂದು ಕೇಳಿದೆ. ಯಾಕೆ ಹಾಗೆ ಕೇಳಿದೆನೋ.

'ಏನೂ ಕೊಡಂಗಿಲ್ಲ ಅಂದಿದ್ರು. ಅಸ್ಕಂಡೇ ಓದ್ಲು.'

ರೈಲಿನಲ್ಲಿ ಕೂರಲು ಜಾಗವಿದ್ದರೂ ಬಾಗಿಲ ಹತ್ತಿರ ನಿಂತೇ ಹೋದೆ. ಹಸಿದುಕೊಂಡು ಹೋದಳು ಅಂದನಲ್ಲ, ಹಸಿದವಳು ಎಲ್ಲಿಗೆ ಬಂದು ಉಂಡಳು ಎಂದು ಮನಸ್ಸು ಹಾಳು ಲೆಕ್ಕ ಹಾಕುತ್ತಿತ್ತು. ನಿಲ್ಲಿಸು ಎಂದು ನನ್ನನ್ನೇ ನಾನು ಗದರಿಕೊಂಡೆ. ದೇವರೇ, ನನ್ನ ಕೈ ಬೇಕಾದರೆ ತೆಗೆದುಕೋ, ಇನ್ನು ಬರೆಯುವುದಿಲ್ಲ ಎಂದೂ ಅಂದೆ. ಹಾಗೆ ಅಂದವಳು ನಾನೇ ಎಂದು ಇವತ್ತು ನಂಬುವುದು ಕಷ್ಟ.

ಅವ್ವ ಉಳಿದಳು. ಸ್ಟೆಂಟ್ ಕೂತಿತು. ಇನ್ನೊಂದು ಕಡೆಯೂ ಸ್ವಲ್ಪ ಕಟ್ಟಿದೆ, ಸದ್ಯಕ್ಕೆ ಮಾತ್ರೆಯಲ್ಲೇ ನೋಡೋಣ ಎಂದು ಡಾಕ್ಟರು ಹೇಳಿದರು. ಆ 'ಸದ್ಯಕ್ಕೆ' ಎಂಬ ಮಾತು ನನ್ನ ಜೊತೆ ಮನೆಗೆ ಬಂತು.

ಮನೆಗೆ ಬಂದ ಅವ್ವ ಚಿಕ್ಕವ್ವನ ಭುಜ ಹಿಡಿದು ಬಚ್ಚಲಿಗೆ ಹೋಗುವಾಗ ಅರ್ಧ ತೆರೆದ ಬಾಗಿಲನ್ನು ನೋಡಿ ನಿಂತಳು. ಚಿಕ್ಕವ್ವ ಅಡ್ಡ ನಿಲ್ಲಲು ನೋಡಿದಳು, ಆಗಲಿಲ್ಲ. ಅವ್ವ ಒಳಗೆ ಹೋಗಿ ಮೇಜನ್ನು ಒಂದು ಕಡೆಯಿಂದ ನೋಡುತ್ತಾ ಬಂದಳು.

'ಇದ್ಯಾರ್ಗೆ?'

ಸುಳ್ಳು ಬಾಯಿಗೆ ಬರಲಿಲ್ಲ. 'ನಿನ್ನ ಚಿತ್ರ ಅವ್ವ. ನಿನಗೆ ಇಷ್ಟ ಆದದ್ದನ್ನೆಲ್ಲ ಜೋಡಿಸಿದ್ದೆ. ಎಡೆ ಅಂತ ಚಿಕ್ಕವ್ವ...' ಮುಂದೆ ಹೇಳಲಾಗದೆ ಅತ್ತುಬಿಟ್ಟೆ.

ಅವ್ವ ಸೀರೆಯನ್ನು ಮುಟ್ಟಿ ನೋಡಿದಳು. 'ನಂಗೆ ಇಷ್ಟ ಆದದ್ದಾ? ಈ ಸೀರೆ ಚುಚ್ತದೆ ಅಂತ ಉಡೋದೇ ಬುಟ್ಟಿವ್ನಿ. ಕಜ್ಜಾಯ ನಿಮ್ಮಪ್ಪಂಗೆ ಪ್ರಾಣ, ಅದ್ಕೆ ಮಾಡ್ತಿದ್ದೆ. ಎಲೆ ಅಡಿಕೆ ನಮ್ಮತ್ತೆ ಜೊತೇಲಿ ಕೂತು ಕೂತು ಅಭ್ಯಾಸ ಆಯ್ತು, ಅಷ್ಟೇಯ.' ಆಮೇಲೆ ನನ್ನ ಮುಖ ನೋಡಿ ನಕ್ಕಳು. 'ನಾನು ಸತ್ತು ಬಂದಿದ್ರೂವೆ ಇದ್ನ ಮುಟ್ತಿರ್ಲಿಲ್ಲ ಕಣೆ. ಅಸ್ಕಂಡೇ ಒಂಟೋಯ್ತಿದ್ದೆ.'

ಚಿಕ್ಕವ್ವನಿಗೆ ಜೀವ ಬಂತು. ಅವಳೂ ನಕ್ಕು, ಹಾಗಾದರೆ ಇದು ಎಡೆಯೇ ಅಲ್ಲ ಎಂದು ತೀರ್ಮಾನ ಕೊಟ್ಟು, ಕಜ್ಜಾಯವನ್ನು ಎಲೆಸಮೇತ ಬಾಚಿಕೊಂಡು ಹೋದಳು. ನನಗೆ ಮಾತ್ರ ನಗು ಬರಲಿಲ್ಲ. ಹಳೆಯ ಹೆದರಿಕೆ ಇಳಿದ ಜಾಗಕ್ಕೆ ಅದಕ್ಕಿಂತ ದೊಡ್ಡದು ಬಂದು ಕೂತಿತು. ಚೊಂಬಿನ ಮೇಲಿನ ನೆಗ್ಗನ್ನೂ ಬಿಡದೆ ಬರೆಯುವವಳು ನಾನು. ಅವ್ವ ಆ ದಿನ ಹೋಗಿಬಿಟ್ಟಿದ್ದರೆ ವರ್ಷ ವರ್ಷವೂ ಅವಳಿಗೆ ಬೇಡದ್ದನ್ನೇ ಇಟ್ಟು, ಬಾಗಿಲು ಮುಚ್ಚಿ, ಹೊರಗೆ ಕೂತಿರುತ್ತಿದ್ದೆ.

'ನಿನಗೆ ಏನಿಷ್ಟ ಅವ್ವ?'

'ಬುಡು, ಈಗ್ಯಾಕೆ.'

'ಹೇಳು.'

ಅವಳು ನಾಚಿಕೊಂಡಳು. 'ಬಸ್‌ಸ್ಟ್ಯಾಂಡ್ ತಾವ ಬೇಕರೀಲಿ ದಿಲ್‌ಪಸಂದು ಸಿಗ್ತದಲ್ಲ, ಅದು. ಬಸ್ಸು ಕಾಯೋವಾಗ ಒಬ್ಳೇ ನಿಂತ್ಕಂಡು ತಿಂತಿದ್ದೆ. ಮನೆಗೆ ಯಾವತ್ತೂ ತರ್ಲಿಲ್ಲ.'

ಡಾಕ್ಟರು ಸಿಹಿ, ಎಣ್ಣೆ ಎರಡನ್ನೂ ದೂರ ಇಡಿ ಅಂದಿದ್ದರು. ಫೋನು ಮಾಡಿ ಕೇಳಿದೆ. ಅಪರೂಪಕ್ಕೆ ಒಂದು ತುಂಡು ಕೊಡಿ ಅಂದರು. ಸಂಜೆ ಹೋಗಿ ತಂದೆ. ಪೊಟ್ಟಣ ಬಿಚ್ಚಿ ತಟ್ಟೆಯಲ್ಲಿಟ್ಟಾಗ ಕಿಟಕಿಯ ಬೆಳಕು ಅದರ ಮೇಲೆ ಬಿತ್ತು. ಕಂದು ಹೊದಿಕೆ, ಒಳಗಿಂದ ಇಣುಕುವ ಕೊಬ್ಬರಿ, ಕೆಂಪು ಚೆರ್ರಿಯ ಚೂರು. ಕೈ ತಾನಾಗಿ ಮೇಜಿನ ಬಿಳಿ ಬಟ್ಟೆಯ ಕಡೆ ಹೋಯಿತು. ಅಲ್ಲೇ ತಡೆದೆ.

ಆ ತುಂಡನ್ನು ಅವ್ವನ ಕೈಗೇ ಕೊಟ್ಟೆ. ಅವಳು ಅದರಲ್ಲೇ ಒಂದು ಚೂರು ಮುರಿದು ನನ್ನ ಕಡೆ ನೀಡಿದಳು, ನಾನು ಬೇಡವೆಂದೆ. ಮನೆಯ ಬಾಗಿಲು ಹಾರು ಹೊಡೆದಿತ್ತು. ಅವಳು ಪೂರ್ತಿ ತಿಂದು ಬೆರಳು ನೆಕ್ಕುವವರೆಗೂ ಎದುರಿಗೆ ಕೂತು ನೋಡುತ್ತಲೇ ಇದ್ದೆ.