ರೇಣುಕಮ್ಮನ ಏಳನೆಯ ಪುಸ್ತಕ

ಮೆಟ್ರಿಯ ರೇಣುಕಮ್ಮ ಕೈಗೆತ್ತಿಕೊಂಡ ಪುಸ್ತಕವನ್ನು ಕೊನೆಯ ಹಾಳೆ ಮುಗಿಯದೆ ಕೆಳಗಿಟ್ಟವಳಲ್ಲ. ತವರಿನಿಂದ ಬಂದ ರೂಢಿ ಅದು. ಶ್ರಾವಣದಲ್ಲಿ ಅವಳಪ್ಪ ಭರಮಣ್ಣ ಗುಡಿಯ ಕಟ್ಟೆಯ ಮೇಲೆ ಪುರಾಣ ಹಚ್ಚಿದನೆಂದರೆ, ಮಳೆ ಬರಲಿ, ಬೀಗರು ಬರಲಿ, ಮಂಗಳ ಹಾಡುವ ತನಕ ಬೇರೆ ಪುಸ್ತಕ ಬಿಚ್ಚುತ್ತಿರಲಿಲ್ಲ. ನಡುವಿನಿಂದ ಓದುವುದು ಅವನ ಪಾಲಿಗೆ ಪಾಪವೇ ಆಗಿತ್ತು.

ಅಂಥ ಮನೆಯ ಮಗಳು ಮೂವತ್ತೈದು ದಾಟಿದ ಮೇಲೆ ಎಂ.ಎ. ಓದಲು ವಿಶ್ವವಿದ್ಯಾಲಯಕ್ಕೆ ಹೊರಟಳು. ಗಂಡ ಲಿಂಗರಾಜ್, "ಒಂದ್ ಸಲ ನೋಡು. ತಪ್ಪಿದ್ರ ಮತ್ತ ಆ ಮಾತೆತ್ತಬ್ಯಾಡ" ಎಂದು ಒಪ್ಪಿದ್ದ.

ಗ್ರಂಥಾಲಯದ ಕಂಪ್ಯೂಟರಿನಲ್ಲಿ ವಿಷಯದ ಹೆಸರು ಹೊಡೆದಾಗ ಮೇಷ್ಟ್ರು ಹಾಕಿದ ಓದುಪಟ್ಟಿ ತೆರೆದುಕೊಂಡಿತು. ಇಪ್ಪತ್ತು ಪುಸ್ತಕ. ಒಂದನೆಯದರ ಮೊದಲ ಪುಟಕ್ಕೆ ಕೂತಳು. ಪಟ್ಟಿಯ ಪುಸ್ತಕಗಳನ್ನು ಮನೆಗೆ ಕೊಡುವುದಿಲ್ಲ, ಅಲ್ಲೇ ಓದಿ ಅಲ್ಲೇ ಇಡಬೇಕು. ಸಂಜೆ ಮೆಟ್ರಿಗೆ ಹೋಗುವ ಕಂಪ್ಲಿ ಕಡೆಯ ಬಸ್ಸು ತಪ್ಪಿಸುವಂತಿಲ್ಲ. ದಸರೆಗೆ ಹಿಡಿದದ್ದು ದೀಪಾವಳಿಗೆ ಮುಗಿಯಿತು. ಎರಡನೆಯದು ಇನ್ನೂ ದಪ್ಪ. ಉಳಿದವೆಲ್ಲ ಎದೆಯ ಮೇಲೆ ಕೂತ ಹಾಗಾಗಿ ಅನ್ನ ಸೇರದಾಯಿತು. ಪ್ರಬಂಧ ಬರೆಯಬೇಕಾದದ್ದು ಏಳನೆಯ ಪುಸ್ತಕದ ಮೇಲೆ. ನಾಳೆ ಕೊಡದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದ್ದರು ಮೇಷ್ಟ್ರು.

ಕಪಾಟು ನೋಡಿಕೊಳ್ಳುವ ಪಂಪಾವತಿ ಹತ್ತಿರ ಬಂದಳು. "ಯಾಕ ಅಕ್ಕಾ, ಮುಖ ಸಣ್ಣ ಮಾಡೀರಿ?"

"ಎರಡನೇದರಾಗ ಸಿಕ್ಕೊಂಡೀನವ್ವ. ನಾಳಿಗೆ ಏಳನೇದು ಬೇಕಂತ."

"ಅಂದ್ರ ಸಾಲಾಗಿ ಓದಾಕ ಹತ್ತೀರೇನು?" ಪಂಪಾವತಿ ನಗು ತಡೆದುಕೊಂಡು ಕಂಪ್ಯೂಟರಿನಲ್ಲಿ ಏಳನೆಯ ಪುಸ್ತಕದ ಹೆಸರನ್ನು ಒತ್ತಿದಳು. ಅದರಡಿಯಲ್ಲಿ ಬಂತು: ನಾಲ್ಕನೇ ಅಧ್ಯಾಯ ಮಾತ್ರ. "ಹೆಸರು ಒತ್ತಿದ್ರ ಎಷ್ಟು ಓದಬೇಕಂತ ಅದ ಹೇಳತೈತಿ. ನೀವು ನೋಡಿದ್ರ ಪುರಾಣ ಹಚ್ಚೀರಿ."

"ನಡುವಿಂದ ಹೆಂಗ ಓದ್ಲಿ? ಹಿಂದಿಂದು ಗೊತ್ತಾಗಬ್ಯಾಡೇನು?"

"ಬ್ಯಾಡ. ಬಸ್ಸಿಗೆ ಎರಡು ತಾಸೈತಿ, ಕುಂದ್ರಿ."

ನಾಲ್ಕನೇ ಅಧ್ಯಾಯದ ಮೊದಲ ಸಾಲೇ 'ಹಿಂದೆ ಹೇಳಿದಂತೆ' ಎಂದು ಶುರುವಾಗಿತ್ತು. ಕೈ ತಾನಾಗಿ ಹಿಂದಕ್ಕೆ ಹಾಳೆ ಮಗುಚಿತು. ಮೂರನೆಯ ಅಧ್ಯಾಯಕ್ಕೆ ಬಂದರೆ ಅದೂ ಎರಡನೆಯದರತ್ತ ಬೆರಳು ತೋರಿಸಿತು.

"ಮತ್ತ ಹಿಂದಕ್ಕ ಹೊಂಟ್ರಿ," ಕಪಾಟಿನ ಆಚೆಯಿಂದ ಪಂಪಾವತಿ ಎಂದಳು.

ರೇಣುಕಮ್ಮ ಹಿಂದಿನ ಹಾಳೆಗಳನ್ನೆಲ್ಲ ಒಟ್ಟು ಮಾಡಿ, ಹೊಸಿಲು ದಾಟುವ ಕೂಸನ್ನು ಹಿಡಿದ ಹಾಗೆ ಎಡಗೈಯಲ್ಲಿ ಅದುಮಿ ಹಿಡಿದಳು. ಬಲಗೈಯಲ್ಲಿ ಬರೆದಳು. ತಿಳಿಯದ್ದನ್ನು ತಿಳಿಯದ ಹಾಗೆಯೇ ಬಿಟ್ಟು ಮುಂದೆ ಹೋದಳು. ಅಧ್ಯಾಯ ತೀರಿತು, ಪ್ರಬಂಧವೂ ಆಯಿತು. ಅರ್ಧ ಪುಸ್ತಕ ಇನ್ನೂ ಬಾಕಿಯಿತ್ತು.

ಪಂಪಾವತಿ ಕೈಚಾಚಿದಳು.

"ಐದನೇದರಾಗ ಏನೈತಿ, ಒಂದೀಟು ನೋಡ್ಲೇನು?"

"ಬಸ್ಸು ಹೊಂಟೈತ್ರಿ ಅಕ್ಕಾ."

ಕೊಟ್ಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕರೂ ಹೊರಗಿನ ಗದ್ದೆ ಕಾಣಲಿಲ್ಲ. ಐದನೇ ಅಧ್ಯಾಯದಲ್ಲಿ ಏನಿದ್ದೀತೆಂದು ಯೋಚಿಸುತ್ತ ಕೂತವಳು ಮೆಟ್ರಿ ದಾಟಿ, ಮುಂದಿನ ಊರಿನಲ್ಲಿ ಇಳಿದಳು.