ವಿಮಾನದ ಅಂಗಿ

ವಾಯುನೆಲೆಯ ಮೂರನೇ ಶೆಡ್ಡಿನಲ್ಲಿ ಯುದ್ಧವಿಮಾನಗಳಿಗೆ ಅಂಗಿ ಹೊಲಿಯುವ ದರ್ಜಿಯೊಬ್ಬನಿದ್ದ. ಅಂಗಿಯೆಂದರೆ ಮಳೆ, ಬಿಸಿಲು, ಧೂಳು ತಾಗದಂತೆ ವಿಮಾನಕ್ಕೆ ತೊಡಿಸುವ ದಪ್ಪ ಬಟ್ಟೆಯ ಹೊದಿಕೆ. ಮೂವತ್ತು ವರ್ಷದಲ್ಲಿ ಅವನು ಹೊಲಿದದ್ದನ್ನೆಲ್ಲ ಜೋಡಿಸಿದ್ದರೆ ಚಂದ್ರನಿಗೊಂದು ಮುಸುಕು ಹಾಕಿ ಲಾಡಿ ಕಟ್ಟಿದ ಮೇಲೂ ಎರಡು ಚೀಲಕ್ಕಾಗುವಷ್ಟು ಬಟ್ಟೆ ಮಿಗುತ್ತಿತ್ತು.

ಹೆಂಡತಿಗೆ ಮಾತ್ರ ಅವನು ಹೇಳಿದ್ದು ಇಷ್ಟೇ: “ವಿಮಾನದ ಕೆಲಸ. ಗುಟ್ಟಿನದು. ಕೇಳಬೇಡ.”

ಆಕೆ ಕೇಳಲಿಲ್ಲ, ಬೀದಿಗೆಲ್ಲ ಹೇಳಿದಳು. ಬೀದಿ ಅದಕ್ಕೆ ಉಪ್ಪುಖಾರ ಹಚ್ಚಿತು. ದರ್ಜಿ ಮನೆಯಿಂದ ಹೊರಟು ಬಸ್ ಹತ್ತುವಷ್ಟರಲ್ಲಿ ಕ್ಷಿಪಣಿ ತಜ್ಞನಾಗಿಬಿಡುತ್ತಿದ್ದ. ಬಸ್ಸಿನಲ್ಲಿ ಜನ ಎದ್ದು ಸೀಟು ಕೊಡುತ್ತಿದ್ದರು. ಅವನೂ ಬೇಡವೆನ್ನದೆ ಕೂರುತ್ತಿದ್ದ.

ಈ ಸುಖಕ್ಕೆ ಕಲ್ಲು ಹಾಕಿದವನು ಹೊಸ ಸಂಪರ್ಕಾಧಿಕಾರಿ. ಜನರಿಗೂ ವಾಯುನೆಲೆಗೂ ನಂಟು ಬೆಳೆಯಲೆಂದು ಆತ ಒಂದು ಭಾನುವಾರ ಗೊತ್ತುಮಾಡಿ, ಸಿಬ್ಬಂದಿಯ ಮನೆಯವರನ್ನೆಲ್ಲ ಕರೆದ. ರಾಡಾರಿನ ಕಣ್ಣಿಗೆ ಬೀಳದ ಹೊಸ ವಿಮಾನವನ್ನು ಅಂದು ತೋರಿಸಬೇಕು. ಮೇಲಿನಿಂದ ಬಂದ ಆದೇಶ ಸ್ಪಷ್ಟವಾಗಿತ್ತು: ವಿಮಾನವನ್ನು ಎಲ್ಲರಿಗೂ ತೋರಿಸಿ, ಯಾರೂ ನೋಡಕೂಡದು. ಅಧಿಕಾರಿ ಎರಡು ದಿನ ತಲೆ ಕೆರೆದುಕೊಂಡು, ಅಂಗಿ ತೊಡಿಸಿಯೇ ತೋರಿಸುವುದೆಂದು ತೀರ್ಮಾನಿಸಿದ.

ಬಣ್ಣ ಬಯಲಾದರೆ ಬೀದಿಯಲ್ಲಿ ತಲೆಯೆತ್ತುವುದು ಹೇಗೆ? ದರ್ಜಿ ಹೊಲಿಗೆ ಯಂತ್ರದ ಮೇಲೆ ಗೋಣಿಚೀಲ ಮುಚ್ಚಿ, ಏಣಿಯ ಮರೆಯಲ್ಲಿ ನಿಂತ. ಹೆಂಡತಿ ಪಕ್ಕದ ಮನೆಯಾಕೆಯನ್ನೂ ಕರೆದುಕೊಂಡು ಬಂದಳು.

“ನಮ್ಮನೆಯವರೇ ಮಾಡಿದ್ದು,” ಎಂದು ಮುಸುಕಿನ ಕಡೆ ಕೈ ತೋರಿಸಿದಳು.

“ಪೂರ್ತಿ ಒಬ್ಬರೇನಾ?”

“ಚಕ್ರಗಿಕ್ರ ಬೇರೆಯವರು ಹಾಕಿರಬಹುದು, ಬಿಡಿ.”

ಪಕ್ಕದ ಮನೆಯಾಕೆ ಸುತ್ತ ಒಂದು ಸಲ ನಡೆದು ಬಂದಳು. “ಒಳಗೇನಿದೆಯೋ ಕಾಣೆ ಕಣ್ರೀ. ಆದರೆ ಈ ಬಟ್ಟೆ ನೋಡಿ, ಒಂದು ಸುಕ್ಕಿಲ್ಲ. ಮೂಗು, ರೆಕ್ಕೆ, ಬಾಲ ಎಲ್ಲ ಕೈಯಲ್ಲಿ ಬರೆದ ಹಾಗಿದೆ.”

ಅಧಿಕಾರಿಯ ಮುಖ ಬಿಳಿಚಿಕೊಂಡಿತು. ಅಷ್ಟು ಹೊತ್ತಿಗೆ ಮೇಷ್ಟರೊಬ್ಬರು ಅದರ ಚಿತ್ರವನ್ನು ಪುಸ್ತಕದಲ್ಲಿ ಬರೆದು ಮುಗಿಸಿ ರೆಕ್ಕೆಗೆ ನೆರಳು ತುಂಬುತ್ತಿದ್ದರು.

“ಯಾವನ್ರೀ ಹೊಲಿದಿದ್ದು ಇದನ್ನ?” ಎಂದ ಅಧಿಕಾರಿ. “ಮುಚ್ಚು ಅಂದ್ರೆ ಮೈಗಂಟಿಸಿ ನಕ್ಷೆ ಬಿಡಿಸಿದ್ದಾನೆ. ಯಾವನೋ ಹೊರಗಿನ ಗುತ್ತಿಗೆದಾರ ಇರಬೇಕು, ಅಳತೆ ಗೊತ್ತಿಲ್ಲದವನು.”

ಬಾಯಿ ಮುಚ್ಚಿಕೊಂಡಿದ್ದರೆ ದರ್ಜಿ ಕ್ಷಿಪಣಿ ತಜ್ಞನಾಗಿಯೇ ಉಳಿಯುತ್ತಿದ್ದ. ಆದರೆ ‘ಅಳತೆ ಗೊತ್ತಿಲ್ಲದವನು’ ಎಂಬ ಮಾತು ಗಂಟಲಿನಿಂದ ಕೆಳಗಿಳಿಯಲಿಲ್ಲ. ಏಣಿಯ ಮರೆಯಿಂದ ಈಚೆ ಬಂದ.

“ಅಳತೆ ನಂದು ಸಾರ್, ಹೊಲಿಗೆನೂ ನಂದೇ. ಹನ್ನೊಂದು ದಿನ ಇದರ ಹೊಟ್ಟೆ ಕೆಳಗೆ ಮಲಗಿ ಅಳೆದಿದ್ದೀನಿ. ಸಡಿಲ ಬಿಟ್ಟರೆ ಗಾಳಿಗೆ ಬಟ್ಟೆ ಉಜ್ಜಿ ವಿಮಾನದ ಬಣ್ಣ ಹೋಗುತ್ತೆ. ರಾಡಾರಿಗೆ ಕಾಣದ ವಿದ್ಯೆ ಇರೋದೇ ಆ ಬಣ್ಣದಲ್ಲಿ ಅಂತ ಈಗ ತಾನೇ ಎಲ್ಲರಿಗೂ ನೀವೇ ಹೇಳಿದ್ರಲ್ಲ.”

ಹೆಂಡತಿ ಹತ್ತಿರ ಬಂದಳು. ಹೊಲಿಗೆಯ ಮೇಲೆ ಬೆರಳಾಡಿಸಿದಳು. ಗಂಡನನ್ನು ನೋಡಿದಳು.

“ಮೂವತ್ತು ವರ್ಷ,” ಎಂದಳು ಮೆಲ್ಲಗೆ. “ಮನೇಲಿ ಒಂದು ಗುಂಡಿ ಕಿತ್ತುಹೋದರೆ, ಸೂಜಿಗೆ ದಾರ ಪೋಣಿಸೋಕೂ ಬರಲ್ಲ ಅಂದ್ರಲ್ರೀ.”

ಸೋಮವಾರ ಆದೇಶ ಬಂತು: ಶತ್ರುವಿನ ದಿಕ್ಕು ತಪ್ಪಿಸಲು ಅಂಗಿಗೆ ಒಂಟೆಯದರಂಥ ಮೂರು ಡುಬ್ಬ ಹೊಲಿಯುವುದು. ಮೂರನ್ನೂ ಹೊಲಿದು ಸೊಂಟ ಹಿಡಿದುಕೊಂಡು ಮನೆಗೆ ಬಂದರೆ, ಮೇಜಿನ ಮೇಲೆ ಹರಿದ ದಿಂಬಿನ ಚೀಲ, ಪರದೆ, ಮಕ್ಕಳ ಅಂಗಿಗಳು ಸೂರು ಮುಟ್ಟುವಂತೆ ಬೆಳೆದಿದ್ದವು. ಅರ್ಧ ಪಕ್ಕದ ಮನೆಯವು.

“ಕೂತ್ಕೊಳ್ಳಿ,” ಎಂದಳು ಹೆಂಡತಿ, ದೀಪ ಹತ್ತಿರ ಎಳೆಯುತ್ತ. “ಅಳತೆ ಗೊತ್ತಿರೋರು ಈ ಬೀದೀಲಿ ನೀವೊಬ್ಬರೇ ಅಂತ ಹೇಳಿ ತಂದಿದ್ದೀನಿ.”